ಟ್ರಾನ್ಸಿಸ್ಟರ್ ಬದಲಿಸುವ ಮೊದಲು ರಿಲೇ ನೋಡಿ: ಸಾಲಿಡ್ ಸ್ಟೇಟ್ ಆಂಪ್ಲಿಫೈಯರ್ ಇಟ್ಟುಕೊಂಡ ಹ್ಯಾಮ್‌ಗಳಿಗೆ ಎಚ್ಚರಿಕೆ

ಹ್ಯಾಮ್ (ಹವ್ಯಾಸಿ ರೇಡಿಯೊ) ಬಳಕೆಯಲ್ಲಿ ಆರು ವರ್ಷ ತಕರಾರಿಲ್ಲದೆ ದುಡಿದ 1 ಕಿಲೋವ್ಯಾಟ್‌ನ ಎಚ್‌ಎಫ್ (ಶಾರ್ಟ್‌ವೇವ್) ಆಂಪ್ಲಿಫೈಯರ್ ಒಂದು, ಅಂದರೆ ರಿಗ್ಗಿನ (ರೇಡಿಯೊ ಸೆಟ್ಟಿನ) ಪವರ್ ಹೆಚ್ಚಿಸುವ ಪೆಟ್ಟಿಗೆ, 10 ಮೀಟರ್ ಬ್ಯಾಂಡಿನಲ್ಲಿ ಕೀ ಒತ್ತಿ ಪ್ರಸಾರ ಶುರುಮಾಡಿದ ಕ್ಷಣದಲ್ಲೇ ಸತ್ತಿತು. 50 ವೋಲ್ಟ್ ಪವರ್ ಸಪ್ಲೈ ಟ್ರಿಪ್ ಆಯಿತು. ಡ್ರೈನ್‌ಗೂ ಸೋರ್ಸ್‌ಗೂ ಮಧ್ಯೆ ಮಲ್ಟಿಮೀಟರ್ ಹಿಡಿದರೆ ಅರ್ಧ ಓಮ್ ಕೂಡ ಇಲ್ಲ. ಹೊಸ ಎಲ್‌ಡಿಮಾಸ್ (ಹೆಚ್ಚು ಪವರಿನ ರೇಡಿಯೊ) ಟ್ರಾನ್ಸಿಸ್ಟರ್ ತರಿಸಿ, ಬಯಾಸ್ (ಗೇಟಿಗೆ ಕೊಡುವ ಸ್ಥಿರ ವೋಲ್ಟೇಜ್) ಹೊಂದಿಸಿ, ಡಮ್ಮಿ ಲೋಡ್ (ಆಂಟೆನಾ ಬದಲು ಪವರನ್ನು ಶಾಖವಾಗಿಸುವ ರೆಸಿಸ್ಟರ್) ಮೇಲೆ 500 ವ್ಯಾಟ್ ಬಂದದ್ದನ್ನು ನೋಡಿ ಮುಚ್ಚಳ ಹಾಕಿದ್ದಾಯಿತು. ಎರಡನೇ ದಿನ ಅದೂ ಅದೇ ರೀತಿ ಹೋಯಿತು. ಆಮೇಲೆ ಎಲ್ಲವನ್ನೂ ಬಿಚ್ಚಿ ನೋಡಿದಾಗ ಸಿಕ್ಕಿದ್ದು ಔಟ್‌ಪುಟ್ ಕಡೆಯ ಆಂಟೆನಾ ರಿಲೇ, ಅಂದರೆ ಆಂಟೆನಾವನ್ನು ರಿಸೀವ್‌ಗೂ ಟ್ರಾನ್ಸ್‌ಮಿಟ್‌ಗೂ ಬದಲಿಸುವ ವಿದ್ಯುತ್ ಸ್ವಿಚ್. ಪಾರದರ್ಶಕ ಕವಚದ ಒಳಗೆ ಕಾಂಟ್ಯಾಕ್ಟಿನ ಎರಡೂ ಮುಖದಲ್ಲಿ ಕಪ್ಪು ಕುಳಿಗಳು. ಒಂದು ಮುಖದಲ್ಲಿ ಸಾಸಿವೆಗಿಂತ ಚಿಕ್ಕ ಲೋಹದ ಮೊಡವೆ ಎದ್ದಿತ್ತು. ಎರಡು ದುಬಾರಿ ಟ್ರಾನ್ಸಿಸ್ಟರ್‌ಗಳನ್ನು ತಿಂದದ್ದು, ಇಡೀ ಪೆಟ್ಟಿಗೆಯಲ್ಲೇ ಅಗ್ಗದ ಭಾಗಗಳಲ್ಲೊಂದಾದ ಆ ರಿಲೇ.

ಅದು ತಿಂಗಳುಗಟ್ಟಲೆ ಮೊದಲೇ ಸೂಚನೆ ಕೊಟ್ಟಿತ್ತು. ಬ್ಯಾಂಡ್ ಆಗಾಗ ಮಂಕಾಗುತ್ತಿತ್ತು, ಸಿಗ್ನಲ್‌ಗಳು ಎರಡು ಮೂರು ಎಸ್-ಯೂನಿಟ್ (ಸಿಗ್ನಲ್ ಬಲದ ಅಳತೆ) ಇಳಿಯುತ್ತಿದ್ದವು. ಒಮ್ಮೆ ಕೀ ಒತ್ತಿ ಬಿಟ್ಟರೆ ತಟ್ಟನೆ ಸರಿಹೋಗುತ್ತಿತ್ತು. ಪ್ರಸಾರದ ಸ್ಥಿತಿ ಹಾಗಿದೆ ಎಂದುಕೊಂಡು ಸುಮ್ಮನಿರುವುದು ಸುಲಭ. ಆದರೆ "ಕೀ ಒತ್ತಿದರೆ ರಿಸೀವ್ ಸರಿಹೋಗುತ್ತದೆ" ಎಂಬ ಲಕ್ಷಣಕ್ಕೆ ಹೆಚ್ಚುಕಡಿಮೆ ಒಂದೇ ಅರ್ಥ: ರಿಲೇ ಕಾಂಟ್ಯಾಕ್ಟ್ ಕೆಟ್ಟಿದೆ. ಆಂಟೆನಾದಿಂದ ಬರುವ ಸಿಗ್ನಲ್ ಮೈಕ್ರೋವೋಲ್ಟ್‌ಗಳ ಲೆಕ್ಕದ್ದು, ಕಾಂಟ್ಯಾಕ್ಟ್ ಮೇಲೆ ಕೂತ ಮಸಿಯ ಪದರವನ್ನು ಸೀಳುವ ಶಕ್ತಿ ಅದಕ್ಕಿಲ್ಲ. ರಿಲೇ ಒಮ್ಮೆ ಬಡಿದು ಕೂತಾಗ ಆ ಪದರ ಸ್ವಲ್ಪ ಉಜ್ಜಿಹೋಗುತ್ತದೆ, ಹಾಗಾಗಿ ಕೆಲಹೊತ್ತು ಕೇಳಿಸುತ್ತದೆ. ಜೊತೆಗೆ, ಕೀ ಒತ್ತಿದಾಗ ಆಗೊಮ್ಮೆ ಈಗೊಮ್ಮೆ ಎಸ್‌ಡಬ್ಲ್ಯೂಆರ್ (ಪವರ್ ವಾಪಸ್ ಬರುವುದನ್ನು ತೋರಿಸುವ ಅಳತೆ, 1 ಆದರ್ಶ) ಟ್ರಿಪ್ ದೀಪ ಹತ್ತುತ್ತಿತ್ತು. ಆಂಟೆನಾ ಅಳೆದರೆ 1.3, ಏನೂ ತೊಂದರೆಯಿಲ್ಲ. ರೀಸೆಟ್ ಒತ್ತಿ ಮುಂದುವರಿಯಲಾಗುತ್ತಿತ್ತು. ದಯವಿಟ್ಟು ಹಾಗೆ ಮಾಡಬೇಡಿ. ಆಂಟೆನಾ ಸರಿಯಿದ್ದೂ ಟ್ರಿಪ್ ಆಗುತ್ತಿದೆ ಎಂದರೆ, ಟ್ರಾನ್ಸಿಸ್ಟರ್‌ಗೂ ಆಂಟೆನಾ ಸಾಕೆಟ್‌ಗೂ ನಡುವೆ ಏನೋ ಒಂದು ಆಗಾಗ ಬಿಟ್ಟುಹೋಗುತ್ತಿದೆ.

ಕಾಂಟ್ಯಾಕ್ಟ್ ಕೆಟ್ಟಿದ್ದು ಯಾಕೆ? ಹಾಟ್ ಸ್ವಿಚಿಂಗ್, ಅಂದರೆ ಪವರ್ ಹರಿಯುತ್ತಿರುವಾಗಲೇ ರಿಲೇ ಬದಲಾಗುವುದು. ಸಾಮಾನ್ಯ ತೆರೆದ ಚೌಕಟ್ಟಿನ ರಿಲೇ ಪೂರ್ತಿ ಕೂರಲು, ಬಡಿತ ನಿಲ್ಲುವುದೂ ಸೇರಿ, 10ರಿಂದ 15 ಮಿಲಿಸೆಕೆಂಡ್ ಬೇಕು. ಪಿಟಿಟಿ (ಪ್ರಸಾರ ಶುರುಮಾಡಿಸುವ ತಂತಿ) ಎಳೆದ ಮೇಲೆ ರಿಗ್ ಅಷ್ಟರೊಳಗೇ ಆರ್‌ಎಫ್ (ರೇಡಿಯೊ ಪವರ್) ಕೊಟ್ಟರೆ, ಮೊದಲು ತೆರೆದುಕೊಳ್ಳುತ್ತಿರುವ ರಿಸೀವ್ ಕಾಂಟ್ಯಾಕ್ಟ್‌ನಲ್ಲಿ ಕಿಡಿ ಹಾರುತ್ತದೆ. ಆಮೇಲೆ ಮುಚ್ಚಿಕೊಳ್ಳುತ್ತಿರುವ ಟ್ರಾನ್ಸ್‌ಮಿಟ್ ಕಾಂಟ್ಯಾಕ್ಟ್ ಬಡಿಯುತ್ತಿರುವಾಗಲೇ ಅದರ ಮೇಲೆ ನೂರಾರು ವ್ಯಾಟ್ ಬೀಳುತ್ತದೆ. ಒಂದೇ ತಪ್ಪಿನಿಂದ ಎರಡೂ ಮುಖ ಸುಡುತ್ತವೆ. ಅದಕ್ಕೇ ರಿಸೀವ್ ಮಂಕಾಗುವುದು ಟ್ರಾನ್ಸ್‌ಮಿಟ್ ಕಡೆಯ ಅಪಾಯಕ್ಕೂ ಸೂಚನೆ. ಟ್ರಾನ್ಸ್‌ಮಿಟ್ ಕಾಂಟ್ಯಾಕ್ಟ್ ಪೂರ್ತಿ ಬಳಕೆಯಲ್ಲಿರುವಾಗ ಒಂದು ಕ್ಷಣ ಬಿಟ್ಟುಹೋದರೂ ಟ್ರಾನ್ಸಿಸ್ಟರ್‌ಗೆ ಲೋಡೇ ಇಲ್ಲದಂತಾಗುತ್ತದೆ. ಡಮ್ಮಿ ಲೋಡ್ ಮೇಲೆ ಅರ್ಧ ಪವರಿನಲ್ಲಿ ಐದು ನಿಮಿಷ ನೋಡಿದರೆ ಈ ದೋಷ ಕಾಣುವುದಿಲ್ಲ. ಎರಡನೇ ಟ್ರಾನ್ಸಿಸ್ಟರ್ ಹೋದದ್ದು ಹೀಗೆ.

ಸಮಯವನ್ನು ಊಹಿಸಬೇಡಿ, ಅಳೆಯಿರಿ. ರಿಗ್ಗಿನ ಕೋಆಕ್ಸ್ ಬಿಚ್ಚಿ. ಔಟ್‌ಪುಟ್ ರಿಲೇಯ ಟ್ರಾನ್ಸ್‌ಮಿಟ್ ಕಾಂಟ್ಯಾಕ್ಟನ್ನು ಸರ್ಕ್ಯೂಟಿನಿಂದ ಬೇರ್ಪಡಿಸಿ, ಅದರ ಮೂಲಕ 5 ವೋಲ್ಟ್ ಡಿಸಿಯನ್ನು 1 ಕಿಲೋಓಮ್ ರೆಸಿಸ್ಟರ್ ಸೇರಿಸಿ ಹಾಯಿಸಿ. ಆಸಿಲೋಸ್ಕೋಪಿನ ಒಂದು ಚಾನೆಲ್ ಪಿಟಿಟಿ ಮೇಲೆ, ಇನ್ನೊಂದು ರೆಸಿಸ್ಟರ್ ಮೇಲೆ ಇರಲಿ. ಪಿಟಿಟಿ ಬಿದ್ದಾಗಿನಿಂದ ಕೊನೆಯ ಬಡಿತ ನಿಲ್ಲುವವರೆಗಿನ ಸಮಯವನ್ನು ಓದಿಕೊಂಡು, ಅದಕ್ಕೆ 10 ಮಿಲಿಸೆಕೆಂಡ್ ಸೇರಿಸಿ ರಿಗ್ಗಿನ ಟಿಎಕ್ಸ್ ಡಿಲೇ (ಆರ್‌ಎಫ್ ಕೊಡುವ ಮುನ್ನ ಕಾಯುವ ಸಮಯ) ಇಡಿ. 15 ಬಂದರೆ 25. ರಿಗ್‌ನಲ್ಲಿ ಆ ಸೌಲಭ್ಯವಿಲ್ಲದಿದ್ದರೆ ಸೀಕ್ವೆನ್ಸರ್ (ರಿಲೇ ಕೂತ ಮೇಲಷ್ಟೇ ಆರ್‌ಎಫ್ ಬಿಡುವ ಸರ್ಕ್ಯೂಟ್) ಹಾಕಲೇಬೇಕು. ಬಿಡುವಾಗಲೂ ಕ್ರಮ ಮುಖ್ಯ: ಮೊದಲು ಆರ್‌ಎಫ್ ನಿಲ್ಲಬೇಕು, ಆಮೇಲೆ ರಿಲೇ ಬೀಳಬೇಕು. ತೆರೆದ ಚೌಕಟ್ಟಿನ ರಿಲೇ ಇರುವ ಆಂಪಿನಲ್ಲಿ ಫುಲ್ ಬ್ರೇಕ್-ಇನ್ ಸಿಡಬ್ಲ್ಯೂ (ಪ್ರತಿ ಚುಕ್ಕೆ-ಗೆರೆಯ ನಡುವೆಯೂ ರಿಸೀವ್‌ಗೆ ಮರಳುವ ಮೋರ್ಸ್) ಬೇಡವೇ ಬೇಡ.

ಕುಳಿ ಬಿದ್ದ ಕಾಂಟ್ಯಾಕ್ಟನ್ನು ಉಪ್ಪುಕಾಗದದಿಂದ ಉಜ್ಜಿ ಉಳಿಸಲು ಹೋಗಬೇಡಿ. ಮೇಲಿನ ಲೇಪ ಹೋದರೆ ಮತ್ತೆ ಬೇಗ ಸುಡುತ್ತದೆ. ಬದಲಿಸಿ.

ಇನ್ನು ಡ್ರೈವ್, ಅಂದರೆ ರಿಗ್ ಆಂಪಿಗೆ ಕೊಡುವ ಪವರ್. ಆಂಪಿಗೆ ಪೂರ್ಣ ಪವರಿಗೆ 30 ವ್ಯಾಟ್ ಸಾಕು, ರಿಗ್ಗಿನಲ್ಲಿ 30 ಇಟ್ಟಿದ್ದೇನೆ ಎಂದು ನೆಮ್ಮದಿಯಾಗಿರುವವರು ಇದನ್ನು ಓದಲೇಬೇಕು. 100 ವ್ಯಾಟಿನ ಎಷ್ಟೋ ರಿಗ್‌ಗಳು ಪವರ್ ಕಡಿಮೆ ಇಟ್ಟಿದ್ದರೂ, ಎಎಲ್‌ಸಿ (ಪವರನ್ನು ತಾನೇ ಮಿತಿಯಲ್ಲಿಡುವ ಸರ್ಕ್ಯೂಟ್) ಹಿಡಿತಕ್ಕೆ ಸಿಗುವ ಮೊದಲ ಕೆಲವು ಮಿಲಿಸೆಕೆಂಡ್ 100 ವ್ಯಾಟ್ ಹತ್ತಿರದ ಚಿಮ್ಮು ಕೊಡುತ್ತವೆ. 30ರ ಬದಲು 100 ಎಂದರೆ ಗೇಟ್ ಮೇಲಿನ ಆರ್‌ಎಫ್ ವೋಲ್ಟೇಜ್ ಸುಮಾರು 1.8 ಪಟ್ಟು. ಎಲ್‌ಡಿಮಾಸ್‌ನ ಗೇಟ್ ತಡೆದುಕೊಳ್ಳುವುದು 10 ವೋಲ್ಟಿನ ಆಸುಪಾಸು ಮಾತ್ರ. ವ್ಯಾಟ್‌ಮೀಟರಿನ ಪೀಕ್ ಹೋಲ್ಡ್ ಈ ಚಿಮ್ಮನ್ನು ಹಿಡಿಯುವಷ್ಟು ಚುರುಕಲ್ಲ. ಸ್ಕೋಪ್ ಬೇಕು: 3.5 ಮೆಗಾಹರ್ಟ್ಸ್‌ನಲ್ಲಿ ರಿಗ್ಗನ್ನು ನೇರ ಡಮ್ಮಿ ಲೋಡಿಗೆ ಕೊಟ್ಟು 10:1 ಪ್ರೋಬ್ ಹಿಡಿಯಿರಿ. 50 ಓಮ್ ಮೇಲೆ 30 ವ್ಯಾಟ್ ಎಂದರೆ ಪೀಕ್ 55 ವೋಲ್ಟ್, 100 ವ್ಯಾಟ್ ಎಂದರೆ ಪೀಕ್ 100 ವೋಲ್ಟ್. ಟ್ರಿಗರ್ 65 ವೋಲ್ಟಿಗೆ ಇಟ್ಟು, ಸಿಂಗಲ್ ಸ್ವೀಪಿನಲ್ಲಿ ಇಪ್ಪತ್ತು ಸಲ ಕೀ ಒತ್ತಿ, ಮೈಕಿನಲ್ಲಿ "ಹಲೋ" ಎಂದು ಮಾತಾಡಿಯೂ ನೋಡಿ. ಒಮ್ಮೆ ಟ್ರಿಗರ್ ಆದರೂ ಆ ರಿಗ್ ಚಿಮ್ಮುತ್ತದೆ.

ಇದಕ್ಕೆ ಆಂಪಿನಿಂದ ರಿಗ್ಗಿಗೆ ಹಾಕುವ ಎಎಲ್‌ಸಿ ತಂತಿ ಮದ್ದಲ್ಲ, ಅದೂ ತಡವಾಗಿಯೇ ಎಚ್ಚರವಾಗುತ್ತದೆ. ಆಂಪಿನ ಒಳಗೆ, ಇನ್‌ಪುಟ್ ರಿಲೇ ದಾಟಿದ ಮೇಲೆ, 6 ಡಿಬಿ ಅಟೆನ್ಯುಯೇಟರ್ (ಪವರನ್ನು ಕಾಲು ಭಾಗಕ್ಕೆ ಇಳಿಸುವ ರೆಸಿಸ್ಟರ್ ಜೋಡಣೆ) ಹಾಕಿ. ಆಗ ರಿಗ್ 100 ವ್ಯಾಟ್ ಪೂರ್ತಿ ಕೊಟ್ಟರೂ ಒಳಗೆ ಹೋಗುವುದು 25 ವ್ಯಾಟ್ ಮಾತ್ರ, ರಿಗ್ಗಿಗೆ ಅದಕ್ಕಿಂತ ಮೇಲೆ ಚಿಮ್ಮಲು ಹೆಚ್ಚು ಜಾಗವೂ ಇಲ್ಲ. 75 ವ್ಯಾಟ್ ಅಟೆನ್ಯುಯೇಟರಿನಲ್ಲೇ ಶಾಖವಾಗುತ್ತದೆ, ಆದ್ದರಿಂದ ಅದು ಹೀಟ್‌ಸಿಂಕ್ ಮೇಲೆ ಕೂರಬೇಕು, 100 ವ್ಯಾಟ್ ತಾಳಬೇಕು. ರಿಲೇಗಿಂತ ಮುಂಚೆ ಹಾಕಿದರೆ ರಿಸೀವ್ ಕೂಡ 6 ಡಿಬಿ ಕಳೆದುಕೊಳ್ಳುತ್ತದೆ.

"ಈ ಟ್ರಾನ್ಸಿಸ್ಟರ್ 65:1 ಎಸ್‌ಡಬ್ಲ್ಯೂಆರ್ ತಾಳುತ್ತದೆ, ಕೊಲ್ಲಲಾಗದು" ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಎಂಆರ್‌ಎಫ್1ಕೆ50ಎಚ್ ತರಹದವುಗಳ ಡೇಟಾಶೀಟ್ ತೆರೆದು ಆ ಸಾಲನ್ನು ಪೂರ್ತಿ ಓದಿ: ಪರೀಕ್ಷೆ ನಡೆದಿರುವುದು 100 ಮೈಕ್ರೋಸೆಕೆಂಡಿನ ಪಲ್ಸ್‌ಗಳಲ್ಲಿ, 20% ಡ್ಯೂಟಿಯಲ್ಲಿ (ಸಮಯದ ಐದನೇ ಒಂದು ಪಾಲು ಮಾತ್ರ ಪವರ್). ಹತ್ತಾರು ಸೆಕೆಂಡ್ ಎಡೆಬಿಡದೆ ಕ್ಯಾರಿಯರ್ (ಒಂದೇ ಸಮನಾದ ಆರ್‌ಎಫ್) ಕೊಡುವ ಹ್ಯಾಮ್ ಬಳಕೆಗೆ ಅದು ಭರವಸೆಯಲ್ಲ. ಪ್ರೊಟೆಕ್ಷನ್ ವಿಚಾರದಲ್ಲೂ ಅಷ್ಟೇ. ಮೈಕ್ರೋಕಂಟ್ರೋಲರ್ ಓದಿ, ಯೋಚಿಸಿ, ರಿಲೇ ಬಿಡುವ ಹೊತ್ತಿಗೆ ಮಿಲಿಸೆಕೆಂಡ್‌ಗಳು ಕಳೆದಿರುತ್ತವೆ. ಕಂಪ್ಯಾರೇಟರ್ (ಮಿತಿ ಮೀರಿದ್ದನ್ನು ಹಿಡಿಯುವ ಭಾಗ) ಮತ್ತು ಲ್ಯಾಚ್ (ಆ ಸ್ಥಿತಿಯನ್ನು ಹಾಗೇ ಹಿಡಿದಿಡುವ ಭಾಗ) ಇದ್ದು, ಬಯಾಸನ್ನೂ 50 ವೋಲ್ಟ್ ದಾರಿಯ ಮಾಸ್‌ಫೆಟ್ ಸ್ವಿಚ್ಚನ್ನೂ ನೇರ ಕಡಿಯುವ ಸರ್ಕ್ಯೂಟ್ ಇದ್ದರೆ ಮಾತ್ರ ಅದನ್ನು ರಕ್ಷಣೆ ಎನ್ನಬಹುದು.

ಶಾಖದ ಲೆಕ್ಕ ಒಮ್ಮೆ ಕಾಗದದ ಮೇಲೆ ಮಾಡಿ. 1000 ವ್ಯಾಟ್ ಔಟ್‌ಪುಟ್, ದಕ್ಷತೆ 60% ಎಂದರೆ 50 ವೋಲ್ಟಿನಿಂದ ಸುಮಾರು 33 ಆಂಪಿಯರ್ ಎಳೆಯುತ್ತದೆ, 667 ವ್ಯಾಟ್ ಶಾಖವಾಗುತ್ತದೆ. ಟ್ರಾನ್ಸಿಸ್ಟರ್ ಒಳಗಿನ ಉಷ್ಣ ಪ್ರತಿರೋಧ ಪ್ರತಿ ವ್ಯಾಟಿಗೆ 0.1 ಡಿಗ್ರಿ ಎಂದಿಟ್ಟುಕೊಳ್ಳಿ. ಟ್ರಾನ್ಸಿಸ್ಟರ್ ಕೂತ ತಾಮ್ರದ ಹಲಗೆ 85 ಡಿಗ್ರಿ ಇದ್ದಾಗ ಜಂಕ್ಷನ್ (ಒಳಗಿನ ಚಿಪ್) 152. ಗರಿಷ್ಠ ಮಿತಿ 225, ಆರಾಮವಾಗಿದೆ. ಈಗ ವರ್ಷಗಳು ಕಳೆದು ಟ್ರಾನ್ಸಿಸ್ಟರಿಗೂ ಹಲಗೆಗೂ ನಡುವಿನ ಥರ್ಮಲ್ ಪೇಸ್ಟ್ ಒಣಗಿ ಪಕ್ಕಕ್ಕೆ ಸರಿದು ಇನ್ನೊಂದು 0.05 ಸೇರಿತು, ಜೊತೆಗೆ ಲೋಡ್ ಸ್ವಲ್ಪ ತಪ್ಪಿ ದಕ್ಷತೆ 50%ಗೆ ಇಳಿಯಿತು ಎನ್ನಿ. ಶಾಖ 1000 ವ್ಯಾಟ್, ಏರಿಕೆ 150 ಡಿಗ್ರಿ, ಜಂಕ್ಷನ್ 235. ಇಷ್ಟಾದರೂ, ಫ್ಯಾನ್ ಹಲಗೆಯನ್ನು 85ರಲ್ಲೇ ಹಿಡಿದಿಟ್ಟರೆ ತಾಮ್ರದ ಮೇಲಿನ ಸೆನ್ಸರ್ ತೋರಿಸುವುದು ಅದೇ 85. ಪೇಸ್ಟ್ ಒಣಗಿದ್ದು ಸೆನ್ಸರಿಗೆ ಕಾಣುವುದೇ ಇಲ್ಲ. ಇಡೀ ಬರಹದಲ್ಲಿ ಒಂದೇ ಲೆಕ್ಕ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ.

ಕಾಣುವ ದಾರಿ ಬೇರೆ ಇದೆ. ಡಮ್ಮಿ ಲೋಡ್, ಒಂದೇ ಬ್ಯಾಂಡ್, ಒಂದೇ ಡ್ರೈವ್. ಕ್ಯಾರಿಯರ್ ಕೊಟ್ಟು 1ನೇ ಸೆಕೆಂಡಿನ ಪವರ್, 20ನೇ ಸೆಕೆಂಡಿನ ಪವರ್, ಡ್ರೈನ್ ಕರೆಂಟ್, ತಾಪಮಾನ ಬರೆದಿಡಿ. ಜಂಕ್ಷನ್ ಬಿಸಿಯಾದಂತೆ ಗೇನ್ ಇಳಿಯುತ್ತದೆ, ಹಾಗಾಗಿ ಎರಡು ಪವರ್‌ಗಳ ಅಂತರವೇ ಜಂಕ್ಷನ್ನಿನ ಥರ್ಮಾಮೀಟರ್. ಹೊಸದರಲ್ಲಿ 2% ಇಳಿಯುತ್ತಿದ್ದದ್ದು ಈಗ 8% ಇಳಿದರೆ ಸ್ಕ್ರೂ ಬಿಚ್ಚಿ ಪೇಸ್ಟ್ ಬದಲಿಸುವ ಕಾಲ ಬಂದಿದೆ. ತಾಮ್ರಕ್ಕೆ ನೇರ ಬೆಸುಗೆ ಹಾಕಿದ ಟ್ರಾನ್ಸಿಸ್ಟರಿನಲ್ಲಿ ಈ ಕಾಟ ಬಹಳ ಕಡಿಮೆ. ಆದರೆ ಅದನ್ನು ಬಿಡಿಸಲು ಇಡೀ ತಾಮ್ರದ ಹಲಗೆಯನ್ನೇ ಬಿಸಿ ಮಾಡಬೇಕು.

ಎಫ್‌ಟಿ8 (ಕಂಪ್ಯೂಟರ್ ಮೂಲಕ ಸಂದೇಶ ಕಳಿಸುವ ಡಿಜಿಟಲ್ ವಿಧಾನ) ಬಳಸುವವರು ಹೆಚ್ಚು ಜಾಗರೂಕರಾಗಿರಬೇಕು. 15 ಸೆಕೆಂಡಿನ ಸರದಿಯಲ್ಲಿ 12.64 ಸೆಕೆಂಡ್ ಪೂರ್ಣ ಕ್ಯಾರಿಯರ್ ಹೋಗುತ್ತದೆ. ಎಸ್‌ಎಸ್‌ಬಿ (ಧ್ವನಿ ಕಳಿಸುವ ವಿಧಾನ) ಮಾತಿನಲ್ಲಿ ಸರಾಸರಿ ಪವರ್ ಅದರ ಒಂದು ಪಾಲಷ್ಟೇ. ತಯಾರಕರು "ಎಸ್‌ಎಸ್‌ಬಿಗೆ 1000" ಎಂದು ಬರೆದಿದ್ದರೆ ಡಿಜಿಟಲ್‌ಗೆ ಅರ್ಧಕ್ಕೆ ಇಳಿಸಿ. ಲೋ-ಪಾಸ್ ಫಿಲ್ಟರಿನ (ಮೇಲಿನ ಫ್ರೀಕ್ವೆನ್ಸಿಗಳನ್ನು ತಡೆಯುವ ಭಾಗದ) ಕಾಯಿಲ್ ಮತ್ತು ಕೆಪಾಸಿಟರ್‌ಗಳಿಗೂ ಅದೇ ಉಪಕಾರ.

ಫಿಲ್ಟರ್ ಎಂದ ಕೂಡಲೇ ಇನ್ನೊಂದು ಸಾವಿನ ದಾರಿ ನೆನಪಾಗುತ್ತದೆ. ಆಂಪ್ 40 ಮೀಟರಿನಲ್ಲಿ ಉಳಿದು ರಿಗ್ 10 ಮೀಟರಿಗೆ ಹೋದರೆ, ಫಿಲ್ಟರ್ ಆ ಪವರನ್ನೆಲ್ಲ ಟ್ರಾನ್ಸಿಸ್ಟರಿಗೇ ತಿರುಗಿಸಿ ಕಳಿಸುತ್ತದೆ. ಎಸ್‌ಡಬ್ಲ್ಯೂಆರ್ ಮೀಟರ್ ಫಿಲ್ಟರಿನ ಆಚೆ ಇದ್ದರೆ ಅದಕ್ಕೆ ಇದು ಗೊತ್ತೂ ಆಗುವುದಿಲ್ಲ. ಅದಲುಬದಲಾದರೆ ಆಂಪ್ ಸಾಯುವುದಿಲ್ಲ, ಆದರೆ ಹಾರ್ಮೋನಿಕ್ಸ್ (ಮೂಲ ಫ್ರೀಕ್ವೆನ್ಸಿಯ ಎರಡು, ಮೂರು ಪಟ್ಟಿನ ಬೇಡದ ಸಿಗ್ನಲ್‌ಗಳು) ಹೊರಗೆ ಹೋಗಿ ಬೇರೆಯವರಿಗೆ ತೊಂದರೆ. ಬ್ಯಾಂಡ್ ಬದಲಿಸುವಾಗ ಸ್ಟ್ಯಾಂಡ್‌ಬೈಗೆ ಹಾಕಿ, ಮೊದಲು ಆಂಪ್, ಆಮೇಲೆ ರಿಗ್. ಫ್ರೀಕ್ವೆನ್ಸಿ ತಾನೇ ಗುರುತಿಸುವ ಆಂಪ್‌ಗಳಲ್ಲೂ ರಿಗ್ಗಿನಿಂದ ಬ್ಯಾಂಡ್ ಡೇಟಾ ಕೇಬಲ್ ಹಾಕಿ. ಇಲ್ಲದಿದ್ದರೆ ಮೊದಲ ಡಿಟ್ (ಮೋರ್ಸ್ ಚುಕ್ಕೆ) ಹಳೆಯ ಫಿಲ್ಟರಿಗೇ ಹೊಡೆಯಬಹುದು.

ಉಳಿದವು ಚುಟುಕಾಗಿ. ಪವರ್ ಸಪ್ಲೈಯ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳ ಆಯುಷ್ಯ ಪ್ರತಿ 10 ಡಿಗ್ರಿ ಏರಿಕೆಗೆ ಅರ್ಧವಾಗುತ್ತದೆ, ಆದ್ದರಿಂದ ಅದರ ಫ್ಯಾನಿಗೆ ಆಂಪಿನ ಫ್ಯಾನಿನಷ್ಟೇ ಬೆಲೆ ಕೊಡಿ, ಬಾಲ್ ಬೇರಿಂಗಿನದನ್ನೇ ಹಾಕಿ. ಆಂಪನ್ನು ತಿಂಗಳುಗಟ್ಟಲೆ ಮುಚ್ಚಿಟ್ಟಿದ್ದರೆ ಮೊದಲು ಡ್ರೈವ್ ಇಲ್ಲದೆ ಹತ್ತಿಪ್ಪತ್ತು ಸಲ ರಿಲೇ ಬಡಿಸಿ. ಬಯಾಸ್ ಹೊಂದಿಸುವ ಟ್ರಿಮ್‌ಪಾಟ್‌ನ (ತಿರುಗಿಸಿ ಬದಲಿಸುವ ಪುಟ್ಟ ರೆಸಿಸ್ಟರಿನ) ವೈಪರ್, ಅಂದರೆ ಸರಿಯುವ ಕಾಂಟ್ಯಾಕ್ಟ್, ಬಿಟ್ಟುಹೋದರೆ ಗೇಟ್ ವೋಲ್ಟೇಜ್ ಸೊನ್ನೆಗೆ ಇಳಿಯುತ್ತದೋ, ಪೂರ್ತಿ ಏರುತ್ತದೋ ಎಂದು ಸರ್ಕ್ಯೂಟ್ ನಕ್ಷೆಯಲ್ಲಿ ನೋಡಿ. ಏರುವಂತಿದ್ದರೆ ವೈಪರಿನಿಂದ ಗ್ರೌಂಡಿಗೆ ಒಂದು ರೆಸಿಸ್ಟರ್ ಸೇರಿಸಿ ಇಂದೇ ಸರಿಪಡಿಸಿ. ಹಳೆಯ ತಲೆಮಾರಿನ ಆರ್‌ಎಫ್ ಟ್ರಾನ್ಸಿಸ್ಟರ್‌ಗಳಲ್ಲಿ ಬೆರಿಲಿಯಂ ಆಕ್ಸೈಡ್ ಇರಬಹುದು. ಸತ್ತಿದೆ ಎಂದು ಒಡೆದು ನೋಡಬೇಡಿ, ಉಜ್ಜಬೇಡಿ, ಅದರ ಧೂಳು ಶ್ವಾಸಕೋಶಕ್ಕೆ ವಿಷ. ತಯಾರಿಕೆ ನಿಂತ ನಂಬರಿನ ಬಿಡಿಭಾಗ ಅಗ್ಗಕ್ಕೆ ಸಿಕ್ಕರೆ, ಹಳೆಯದನ್ನು ಅಳಿಸಿ ಹೊಸ ನಂಬರ್ ಬರೆದ ಮಾಲು ಎಂದೇ ಅನುಮಾನಿಸಿ. ಅಧಿಕೃತ ವಿತರಕರಿಂದ ಬಿಟ್ಟು ಬೇರೆ ಕಡೆ ಕೊಳ್ಳಬೇಡಿ.

ಟ್ರಾನ್ಸಿಸ್ಟರ್ ಹೋಗಿಯೇಬಿಟ್ಟಿದ್ದರೆ, ಹೊಸದಕ್ಕೆ ಬೆಸುಗೆ ಹಾಕುವ ಮೊದಲು ಖಾಲಿ ಬೋರ್ಡಿನಲ್ಲೇ ಗೇಟ್ ವೋಲ್ಟೇಜ್ ಅಳೆಯಿರಿ. ಟ್ರಿಮ್‌ಪಾಟ್ ಒಂದು ತುದಿಯಿಂದ ಇನ್ನೊಂದಕ್ಕೆ ತಿರುಗಿಸಿದಾಗ ಎಲ್ಲೂ ಹಾರಬಾರದು. ಗೇಟ್ ರೆಸಿಸ್ಟರ್‌ಗಳು, ಥರ್ಮಿಸ್ಟರ್, ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಫೆರೈಟ್‌ನಲ್ಲಿ ಬಿರುಕು, ಕಪ್ಲಿಂಗ್ ಕೆಪಾಸಿಟರ್‌ಗಳು, ಎಲ್ಲವನ್ನೂ ಭೂತಗನ್ನಡಿಯಲ್ಲಿ ನೋಡಿ. ಕೈಗೆ ಇಎಸ್‌ಡಿ ಪಟ್ಟಿ (ಮೈಯ ಸ್ಥಿರ ವಿದ್ಯುತ್ತನ್ನು ಹರಿದುಹೋಗಿಸುವ ಪಟ್ಟಿ) ಕಟ್ಟಿಕೊಂಡೇ ಹೊಸದನ್ನು ಕೂರಿಸಿ. ಟ್ರಿಮ್‌ಪಾಟ್‌ಗಳನ್ನು ಕನಿಷ್ಠಕ್ಕೆ ಇಳಿಸಿ, ಮೂಲ ಸಪ್ಲೈ ಬದಲು 3 ಆಂಪಿಯರ್ ಮಿತಿಯ ಬೆಂಚ್ ಸಪ್ಲೈಯಿಂದ 30 ವೋಲ್ಟ್ ಕೊಟ್ಟು ಟ್ರಾನ್ಸಿಸ್ಟರಿನ ಒಂದೊಂದೇ ಬದಿಯನ್ನು ಎಬ್ಬಿಸಿ. ಎರಡೂ ಬದಿಯ ಐಡಲ್ ಕರೆಂಟ್ (ಡ್ರೈವ್ ಇಲ್ಲದಾಗ ಹರಿಯುವ ಕರೆಂಟ್) ಸಮ ಬರಬೇಕು. ತಯಾರಕರು ಹೇಳಿದ ಪೂರ್ಣ ಐಡಲ್‌ಗೆ ಏರಿಸುವುದು 50 ವೋಲ್ಟಿಗೆ ಹೋದ ಮೇಲೆ. ನಂತರ 1 ವ್ಯಾಟ್ ಡ್ರೈವಿನಿಂದ ಆರಂಭಿಸಿ ಪ್ರತಿಯೊಂದು ಬ್ಯಾಂಡಿನ ಫಿಲ್ಟರನ್ನೂ ಡಮ್ಮಿ ಲೋಡ್ ಮೇಲೆ ನೋಡಿ. ಡ್ರೈವ್ ಹಂತ ಹಂತವಾಗಿ ಏರಿಸುತ್ತ, ಪ್ರತಿ ಹಂತದಲ್ಲೂ ಮರದ ಕಡ್ಡಿಯಿಂದ ಔಟ್‌ಪುಟ್ ರಿಲೇಯ ಕವಚವನ್ನು ಮೆಲ್ಲಗೆ ತಟ್ಟಿ. ವ್ಯಾಟ್‌ಮೀಟರಿನ ಮುಳ್ಳು ಒಂದು ಕೂದಲಷ್ಟು ಅಲುಗಿದರೂ ಅಲ್ಲಿಗೇ ನಿಲ್ಲಿಸಿ, ರಿಲೇ ಬದಲಿಸಿ.