5 ಕಿಲೋವ್ಯಾಟ್ ಸೋಲಾರ್‌ಗೆ ಸಿಂಗಲ್ ಫೇಸೋ, ತ್ರೀ ಫೇಸೋ?

ದಾವಣಗೆರೆಯ ಮಟಮಟ ಮಧ್ಯಾಹ್ನ ಮನೆಯ ಬಳಕೆ ಕಡಿಮೆ, ಸೋಲಾರ್ ಉತ್ಪಾದನೆ ಜಾಸ್ತಿ. ಉಳಿದ ಕರೆಂಟ್ ಲೈನಿಗೆ ಹೋಗುವಾಗ ವೋಲ್ಟೇಜ್ ಏರುತ್ತದೆ. 230 ಇರಬೇಕಾದದ್ದು 253 ದಾಟಿದರೆ ಇನ್ವರ್ಟರ್ (ಪ್ಯಾನೆಲ್‌ನ ಕರೆಂಟನ್ನು ಮನೆ ಬಳಕೆಗೆ ಬದಲಿಸುವ ಪೆಟ್ಟಿಗೆ) ತಾನೇ ಆಫ್ ಆಗುತ್ತದೆ. ಒಳ್ಳೆ ಬಿಸಿಲಿನಲ್ಲೇ ಯೂನಿಟ್ ನಷ್ಟ, ಬೇಜಾರಲ್ವಾ?

ಟ್ರಾನ್ಸ್‌ಫಾರ್ಮರ್ ಹತ್ತಿರವಿದ್ದರೆ ಸಿಂಗಲ್ ಫೇಸ್ ಸಾಕು.

ದೂರವಿದ್ದರೆ ಕಷ್ಟ, ತಂತಿ ಉದ್ದವಾದಷ್ಟೂ ವೋಲ್ಟೇಜ್ ಹೆಚ್ಚು ಏರುತ್ತದೆ. ಸಿಂಗಲ್ ಫೇಸ್‌ನಲ್ಲಿ ಸುಮಾರು 22 ಆಂಪಿಯರ್ ಪೂರ್ತಿ ಒಂದೇ ತಂತಿಯಲ್ಲಿ ಹರಿಯುತ್ತದೆ, ಕರೆಂಟ್ ಮರಳುವ ನ್ಯೂಟ್ರಲ್ ತಂತಿಯಲ್ಲೂ ಅಷ್ಟೇ. ತ್ರೀ ಫೇಸ್‌ನಲ್ಲಿ ಅದು ಮೂರು ತಂತಿಗೆ ಹಂಚಿ ಒಂದೊಂದಕ್ಕೆ 7 ಆಂಪಿಯರ್, ನ್ಯೂಟ್ರಲ್ ಬಹುತೇಕ ಖಾಲಿ. ಅದೇ ದಪ್ಪದ ತಂತಿಯಲ್ಲಿ ವೋಲ್ಟೇಜ್ ಏರಿಕೆ ಸುಮಾರು ಆರನೇ ಒಂದು ಭಾಗ! ಊರಾಚೆ, ಲೈನಿನ ತುದಿಯಲ್ಲಿ ಮನೆಯಿದ್ದರೆ ತ್ರೀ ಫೇಸನ್ನೇ ಹಾಕಿಸಿ. ಅದಕ್ಕೆ ತ್ರೀ ಫೇಸ್ ಸಂಪರ್ಕ ಬೇಕು. ಪ್ಯಾನೆಲ್ ಕೊಳ್ಳುವ ಮೊದಲೇ ಬೆಸ್ಕಾಂನಲ್ಲಿ ವಿಚಾರಿಸಿ.