ಕ್ಲೌಡಿ: ಹೈಡ್ರೋಜನ್ ಅಣು ಹುಟ್ಟುವ ಮೊದಲೇ ನಿಂತುಬಿಡುವ ತಂತ್ರಾಂಶ

ಮಾನಸಗಂಗೋತ್ರಿಯಲ್ಲಿ ಎಂಎಸ್ಸಿ ಪ್ರಾಜೆಕ್ಟ್‌ಗೆ ಅಂತರತಾರಾ ಮೋಡಗಳನ್ನು (ನಕ್ಷತ್ರಗಳ ನಡುವಿನ ಅನಿಲ, ಧೂಳಿನ ಮೋಡಗಳು) ಆರಿಸಿಕೊಂಡವರಿಗೆ ಬಿಟ್ಟಿಯಾಗಿ ಸಿಗುವ ದೊಡ್ಡ ಸರಕು ಕ್ಲೌಡಿ. ಖಗೋಳವಿಜ್ಞಾನಿ ಗ್ಯಾರಿ ಫರ್ಲ್ಯಾಂಡ್ 1978ರಲ್ಲಿ ಕೇಂಬ್ರಿಜ್‌ನಲ್ಲಿ ಶುರುಮಾಡಿದ್ದು. ಬೆಳಕು ಬಿದ್ದ ಮೋಡ ಒಳಹೋದಂತೆ ಹೇಗೆ ಬದಲಾಗುತ್ತದೆ ಎಂದು ಪದರಪದರವಾಗಿ ಲೆಕ್ಕ ಹಾಕುತ್ತದೆ. ಒಮ್ಮೆ ಇಳಿಸಿಕೊಂಡರೆ ಸಾಕು, ನೆಟ್‌ವರ್ಕ್ ಸಿಗದ ಮಂಡ್ಯದ ಹಳ್ಳಿಯಲ್ಲೂ ಓಡುತ್ತದೆ. ಇಲ್ಲಿ ಹೇಳುವುದು ಹೈಡ್ರೋಜನ್ ಅಣುವಿನ ಮಟ್ಟಿಗೆ ಮಾತ್ರ. ಅಂಕ ಐದಕ್ಕೆ ನಾಲ್ಕು. ಹೋದ ಒಂದು ಅಂಕ ಡೀಫಾಲ್ಟ್‌ಗಳದ್ದು, ಅಂದರೆ ನಾವೇನೂ ಹೇಳದಿದ್ದಾಗ ಅದು ತಾನಾಗಿ ಹಿಡಿಯುವ ಆಯ್ಕೆಗಳದ್ದು.

ಉಬುಂಟುವಿನಲ್ಲಿ ಸೋರ್ಸ್ ಫೋಲ್ಡರಿಗೆ ಹೋಗಿ ‘ಮೇಕ್’ ಕೊಟ್ಟರೆ ಕೆಲಸ ಆಯಿತು. ಆಮೇಲೆ ಕ್ಲೌಡಿ ಓಡಿಸಿ, ‘ಟೆಸ್ಟ್’ ಎಂದು ಬರೆದು ಎರಡು ಸಲ ಎಂಟರ್ ಒತ್ತಿ. ಕೊನೆಯಲ್ಲಿ ‘ಎಕ್ಸಿಟೆಡ್ ಓಕೆ’ ಕಾಣಬೇಕು.

ಹೈಡ್ರೋಜನ್ ಅಣುವಿನ ಬಂಧ ಮುರಿಯಲು 4.48 ಎಲೆಕ್ಟ್ರಾನ್ ವೋಲ್ಟ್ ಸಾಕು, ಆದರೆ ಅಷ್ಟು ಶಕ್ತಿಯ ಫೋಟಾನ್ ಅದನ್ನು ನೇರವಾಗಿ ಒಡೆಯಲಾರದು. ಅಣು 11.2ರಿಂದ 13.6 ಎಲೆಕ್ಟ್ರಾನ್ ವೋಲ್ಟ್ ನಡುವಿನ ನೇರಳಾತೀತ ಬೆಳಕನ್ನು ಗೆರೆಗೆರೆಯಾಗಿ, ಅಂದರೆ ಕೆಲವು ನಿಶ್ಚಿತ ತರಂಗಾಂತರಗಳಲ್ಲಿ ಮಾತ್ರ, ಹೀರಿ ಮೇಲಿನ ಶಕ್ತಿಮಟ್ಟಕ್ಕೇರುತ್ತದೆ. ಇಳಿಯುವಾಗ ನೂರರಲ್ಲಿ ಹತ್ತು-ಹದಿನೈದು ಸಲ ಒಡೆದುಹೋಗುತ್ತದೆ. ಉಳಿದ ಸಲ ಕಂಪಿಸುತ್ತಾ ಅವಗೆಂಪು ಬೆಳಕು ಚೆಲ್ಲಿ ತಣ್ಣಗಾಗುತ್ತದೆ; ದೂರದರ್ಶಕಗಳು ಹುಡುಕುವ 2.12 ಮೈಕ್ರಾನ್ ಗೆರೆ ಇದರಲ್ಲೇ ಬರುತ್ತದೆ. ಹೀರಿಕೆ ಗೆರೆಗಳಲ್ಲೇ ನಡೆಯುವುದರಿಂದ ಅಂಚಿನ ಅಣುಗಳು ಆ ಬೆಳಕನ್ನು ತಿಂದು ಮುಗಿಸುತ್ತವೆ. ಕಬ್ಬಿನ ಗದ್ದೆಯಲ್ಲಿ ಬದುವಿನ ಸಾಲು ಗಾಳಿಗೆ ಮಲಗಿ ಒಳಸಾಲು ನಿಲ್ಲುವ ಹಾಗೆ. ಚದರ ಸೆಂಟಿಮೀಟರಿಗೆ 10ರ 14ನೇ ಘಾತದಷ್ಟು ಅಣು ಅಡ್ಡ ಬಂದರೆ ಈ ಕಾವಲು ಶುರು.

ಕ್ಲೌಡಿ ಸುಮ್ಮನೆ ಓಡಿಸಿದರೆ ಇದನ್ನೆಲ್ಲ ಸರಳ ಮಾದರಿಯಲ್ಲಿ ಮುಗಿಸುತ್ತದೆ. ಇನ್‌ಪುಟ್ ಕಡತಕ್ಕೆ ‘ಡೇಟಾಬೇಸ್ ಎಚ್2’ ಎಂಬ ಒಂದು ಸಾಲು ಸೇರಿಸಿದರೆ ಗಾರ್ಗಿ ಶಾ ಮತ್ತು ಜೊತೆಗಾರರು 2005ರಲ್ಲಿ ಪ್ರಕಟಿಸಿದ ದೊಡ್ಡ ಮಾದರಿ ಎದ್ದು ನಿಲ್ಲುತ್ತದೆ: 1893 ಶಕ್ತಿಮಟ್ಟಗಳು, ಸುಮಾರು ಐದು ಲಕ್ಷ ಗೆರೆಗಳು. ಓಟ ಮಾತ್ರ ಎತ್ತಿನಗಾಡಿ ಆಗುತ್ತದೆ. ಇನ್‌ಪುಟ್ ತಿದ್ದಿ ನೋಡುವಾಗ ಆ ಸಾಲನ್ನು ತೆಗೆದಿಡಿ, ಕೊನೆಯ ಓಟಕ್ಕಷ್ಟೇ ಹಾಕಿ.

ಹೊಸಬರು ಮುಗ್ಗರಿಸುವುದು ಹೆಚ್ಚಾಗಿ ತಾಪಮಾನದಲ್ಲಿ. ಡೀಫಾಲ್ಟ್ ಆಗಿ ಲೆಕ್ಕ 4000 ಕೆಲ್ವಿನ್‌ಗೆ ಇಳಿದಾಗ ನಿಲ್ಲುತ್ತದೆ. ಅಣುಗಳು ಇರುವುದು ಕೆಲವು ಹತ್ತು ಕೆಲ್ವಿನ್‌ನಲ್ಲಿ! ಫಲಿತಾಂಶದಲ್ಲಿ ಅಣುವೇ ಇಲ್ಲವೆಂದು ಗಾಬರಿಯಾಗುವ ಬದಲು ‘ಸ್ಟಾಪ್ ಟೆಂಪರೇಚರ್ ಆಫ್’ ಕೊಟ್ಟು, ಎಲ್ಲಿ ನಿಲ್ಲಬೇಕೆಂದು ದೃಗ್ಗೋಚರ ಮಸುಕಿನ (ಕಣ್ಣಿಗೆ ಕಾಣುವ ಬೆಳಕನ್ನು ಧೂಳು ಎಷ್ಟು ತಗ್ಗಿಸಿತು ಎಂಬುದರ) ಲೆಕ್ಕದಲ್ಲಿ ಹೇಳಿ. ಸಾಂದ್ರತೆ ಬರೆಯುವುದು ಲಾಗರಿದಂನಲ್ಲಿ: ಸಾವಿರಕ್ಕೆ 3. ಯಾರಾದರೂ 1000 ಎಂದೇ ಬರೆದರೆ ಅದು ಸಾವಿರ ಸೊನ್ನೆಗಳ ಸಂಖ್ಯೆ. ಕಾಸ್ಮಿಕ್ ಕಿರಣದ (ಬಾಹ್ಯಾಕಾಶದ ಅತಿವೇಗದ ಕಣಗಳ) ಸಾಲನ್ನಂತೂ ಬಿಡಲೇಬಾರದು. ನೇರಳಾತೀತ ತಲುಪದ ಒಳಭಾಗದಲ್ಲಿ ಅಯಾನೀಕರಣ ನಡೆಸುವುದು ಅದೊಂದೇ. ಅದಿಲ್ಲದೆ ರಸಾಯನದ ಲೆಕ್ಕ ಕುಸಿಯುತ್ತದೆ. ಧೂಳು ಸೇರಿದೆಯೇ ನೋಡಿಕೊಳ್ಳಿ: ಎರಡು ಪರಮಾಣು ಜೋಡಿಯಾಗುವುದೇ ಧೂಳಿನ ಕಣದ ಮೇಲೆ.

ಖಾಲಿ ಫೈಲಿನಿಂದ ಶುರುಮಾಡಬೇಡಿ. ಜೊತೆಗೇ ಬರುವ ಪರೀಕ್ಷಾ ಕಡತಗಳಲ್ಲಿ ‘ಪಿಡಿಆರ್ ಲೈಡೆನ್ ಎಫ್1’ ತೆಗೆದುಕೊಳ್ಳಿ (ಪಿಡಿಆರ್ ಎಂದರೆ ಬೆಳಕು ಅಣುಗಳನ್ನು ಒಡೆಯುವ ವಲಯ). 2004ರ ಲೈಡೆನ್ ಕಾರ್ಯಾಗಾರದಲ್ಲಿ ಬೇರೆಬೇರೆ ತಂತ್ರಾಂಶಗಳನ್ನು ಒರೆಗೆ ಹಚ್ಚಿದ ಮಾದರಿ ಅದು: ಘನ ಸೆಂಟಿಮೀಟರಿಗೆ ಸಾವಿರ ಕಣ, ತಾಪಮಾನ 50 ಕೆಲ್ವಿನ್‌ಗೆ ಕಟ್ಟಿದ್ದು. ನಿಮ್ಮ ಉತ್ತರ ಸರಿಯೇ ಎಂದು ಹೋಲಿಸಲು 2007ರ ಪ್ರಕಟಿತ ಫಲಿತಾಂಶಗಳಿವೆ.

ಕೊರತೆ ಒಂದು ಉಳಿಯಿತು. ಮಾಮೂಲಿ ಓಟದಲ್ಲಿ ಕ್ಲೌಡಿ ಎಲ್ಲವೂ ಸಮತೋಲಕ್ಕೆ ಬಂದಿದೆ ಎಂದೇ ಭಾವಿಸುತ್ತದೆ. ಧೂಳಿನ ಮೇಲೆ ಅಣು ಕೂಡಿಬರಲು ಹಿಡಿಯುವ ಕಾಲ ಸುಮಾರು ನೂರು ಕೋಟಿ ವರ್ಷ ಭಾಗಿಸು ಸಾಂದ್ರತೆ. ಘನ ಸೆಂಟಿಮೀಟರಿಗೆ ನೂರೇ ಕಣವಿದ್ದರೆ ಒಂದು ಕೋಟಿ ವರ್ಷ. ತೆಳು ಮೋಡ ಅಷ್ಟು ಹೊತ್ತು ಕಲಕದೆ ಇರುವುದು ಅನುಮಾನ. ಔಟ್‌ಪುಟ್‌ನಲ್ಲಿ ಈ ಕಾಲಮಾನಗಳನ್ನು ಅಚ್ಚುಹಾಕಿರುತ್ತದೆ. ಗ್ರಾಫ್ ಎಳೆಯುವ ಮೊದಲು ಆ ಸಾಲನ್ನು ಓದಿ.