ಖಾಲಿ ಜಾಗವನ್ನೂ ಓದಿಸುವ ಪುಸ್ತಕ

ಸ್ಕಾಟ್ ಮೆಕ್‌ಕ್ಲೌಡ್ ಅವರ ‘ಅಂಡರ್‌ಸ್ಟ್ಯಾಂಡಿಂಗ್ ಕಾಮಿಕ್ಸ್’ 1993ರದ್ದು. ಕಾಮಿಕ್ಸ್ ಬಗ್ಗೆ ಕಾಮಿಕ್ಸ್ ರೂಪದಲ್ಲೇ ಇರುವ ಪುಸ್ತಕ. ಲೇಖಕರೇ ಪಾತ್ರವಾಗಿ ಬಂದು ವಿವರಿಸುತ್ತಾರೆ. ನನಗೆ ತುಂಬಾ ಹಿಡಿಸಿದ್ದು ಎರಡು ಪ್ಯಾನೆಲ್‌ಗಳ, ಅಂದರೆ ಚಿತ್ರದ ಚೌಕಟ್ಟುಗಳ, ನಡುವಿನ ಖಾಲಿ ಜಾಗದ ಅಧ್ಯಾಯ. ಅಲ್ಲಿ ಒಂದು ಪ್ಯಾನೆಲ್‌ನಲ್ಲಿ ಒಬ್ಬ ಕೊಡಲಿ ಎತ್ತಿದ್ದಾನೆ. ಮುಂದಿನದರಲ್ಲಿ ಕತ್ತಲ ನಗರ, ಒಂದು ಚೀರಾಟ, ಅಷ್ಟೇ. ಏಟು ಬಿದ್ದದ್ದನ್ನು ಎಲ್ಲೂ ಬಿಡಿಸಿಲ್ಲ. ಅದನ್ನು ತುಂಬಿಕೊಂಡವರು ನಾವೇ ಅಲ್ವಾ! ಇದನ್ನು ಓದಿದ ಮೇಲೆ ಯಾವ ಕಾಮಿಕ್ಸ್ ತೆಗೆದರೂ ಕಣ್ಣು ಮೊದಲು ಆ ಸಂದಿಗೇ ಹೋಗುತ್ತದೆ. ಮುಖ ಸರಳವಾದಷ್ಟೂ ಓದುವವರು ಅದರಲ್ಲಿ ತಮ್ಮನ್ನೇ ಕಾಣುತ್ತಾರೆ ಎನ್ನುವ ಮಾತೂ ಚೆನ್ನಾಗಿದೆ. ಬಣ್ಣದ ಅಧ್ಯಾಯ ಮಾತ್ರ ಚಿಕ್ಕದು, ಇನ್ನೂ ಜಾಸ್ತಿ ಬೇಕಿತ್ತು. ಚಿತ್ರ ಬಿಡಿಸುವವರಷ್ಟೇ ಅಲ್ಲ, ಸುಮ್ನೆ ಖುಷಿಗೆ ಓದುವವರೂ ಧೈರ್ಯವಾಗಿ ಕೊಳ್ಳಬಹುದು.